ಹಾಟ್‌ಡಾಗ್ ಮೇಲೆ ಅಪ್ಪೆಮಿಡಿ ಆಗುತ್ತದೆಯೇ?

ಪ್ರಶ್ನೆ: ಬೇಸಿಗೆ ರಜೆಗೆ ಬೆಂಗಳೂರು, ಪುಣೆಯಿಂದ ಅಕ್ಕ-ತಮ್ಮಂದಿರ ಮಕ್ಕಳು ಕುಮಟಾಕ್ಕೆ ಬಂದಿದ್ದಾರೆ. 3 ವರ್ಷದವನಿಂದ 14 ವರ್ಷದವಳವರೆಗೆ ಒಟ್ಟು ಎಂಟು ಮಂದಿ. ಹಾಟ್‌ಡಾಗ್ ಬೇಕೆಂದು ಹಟ ಮಾಡಿದರು. ಎರಡು ಸಲ ಮಾಡಿದೆ. ಒಮ್ಮೆ ಸಾಸೇಜ್ ಸೀಳಿಹೋಯಿತು, ಇನ್ನೊಮ್ಮೆ ಕಾಯಿಚಟ್ನಿ ಹಾಕಿ ಬನ್ ಮುದ್ದೆಯಾಯಿತು. ಅಂಗಡಿಯ ಸಾಸಿವೆ ಸಾಸ್ ನಮಗೆ ಹಿಡಿಸಲಿಲ್ಲ. ಅಪ್ಪೆಮಿಡಿ (ಪರಿಮಳದ ಮಾವಿನಮಿಡಿಯ ಉಪ್ಪಿನಕಾಯಿ), ಒಣ ಶೆಟ್ಲಿ (ಸಿಗಡಿ) ಚಟ್ನಿ, ನಮ್ಮೂರ ಈರುಳ್ಳಿ ಇವೆಲ್ಲ ಮೇಲೆ ಹಾಕಲು ಆಗುತ್ತವೆಯೇ? ಪಕ್ಕದ ಮನೆಯ ಮಕ್ಕಳು ಶಿರಸಿ ಕಡೆಯವರು, ಸಸ್ಯಾಹಾರಿಗಳು, ಅವರಿಗೇನು ಮಾಡಲಿ? ಇನ್ನೊಂದು: ನಾವು ಚಿಕ್ಕವರಿದ್ದಾಗ ರಜೆಯಲ್ಲಿ ತಿನ್ನುತ್ತಿದ್ದ ತೆಳ್ಳೇವು (ಅಕ್ಕಿಯ ತೆಳು ದೋಸೆ), ಜೋನಿಬೆಲ್ಲವನ್ನು (ನೀರುಬೆಲ್ಲ) ಈ ಮಕ್ಕಳಿಗೂ ತಿನ್ನಿಸುವ ಆಸೆ. ಆದರೆ ತೆಳ್ಳೇವು ಕಾವಲಿಗೆ ಹಿಡಿದುಕೊಂಡು ಏಳುವುದೇ ಇಲ್ಲ.

ಉತ್ತರ: ಆಗುತ್ತದೆ, ಅಪ್ಪೆಮಿಡಿ ಚೆನ್ನಾಗಿಯೇ ಆಗುತ್ತದೆ. ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ತಿಳಿಯಲು ನಮ್ಮ ಊಟದ ಎರಡು ಮಾತು ಸಾಕು: ನಂಚಿಕೊಳ್ಳುವುದು ಮತ್ತು ಕಲಸಿಕೊಳ್ಳುವುದು. ಗಂಜಿಗೆ ನಂಚಿಕೊಳ್ಳುವಂಥದ್ದು ಹಾಟ್‌ಡಾಗಿಗೂ ಸರಿಹೋಗುತ್ತದೆ. ಅನ್ನಕ್ಕೆ ಕಲಸಿಕೊಳ್ಳುವಂಥದ್ದು ಸರಿಹೋಗುವುದಿಲ್ಲ. ಗಂಜಿ ಸಪ್ಪೆ, ಮೆತ್ತಗೆ, ಬಿಸಿ. ಅದರ ಪಕ್ಕದಲ್ಲಿ ಹುಳಿ, ಉಪ್ಪು, ಖಾರ ತೀಕ್ಷ್ಣವಾಗಿ ಸ್ವಲ್ಪವೇ ಇರಬೇಕು, ಜೊತೆಗೆ ಏನಾದರೂ ಗರಿಗರಿಯಾಗಿರಬೇಕು. ಬನ್ ಕೂಡ ಅದೇ ಸ್ವಭಾವದ್ದು, ಒಳಗಿನ ಸಾಸೇಜ್ ಜಿಡ್ಡಿನದು. ಕಲಸಿಕೊಳ್ಳುವ ಪದಾರ್ಥದಲ್ಲಿ ನೀರೇ ಹೆಚ್ಚು. ತಂಬುಳಿ, ಸಾಸಿವೆ (ಕಾಯಿ, ಸಾಸಿವೆ ಅರೆದು ಮಾಡುವ ಮೇಲೋಗರ), ಹಸಿ ಕಾಯಿಚಟ್ನಿ ಎಲ್ಲ ಆ ಗುಂಪಿನವು. ಅನ್ನಕ್ಕೆ ಆ ನೀರು ಬೇಕು, ಬ್ರೆಡ್ಡು ಅದನ್ನು ಕುಡಿದು ಮುದ್ದೆಯಾಗುತ್ತದೆ. ನಿಮ್ಮ ಬನ್ನಿಗೆ ಆದದ್ದೂ ಅಷ್ಟೇ.

ಹಾಟ್‌ಡಾಗಿನ ತವರಿನಲ್ಲೂ ಲೆಕ್ಕ ಇದೇ. ಷಿಕಾಗೋದಲ್ಲಿ ಗಸಗಸೆ ಉದುರಿಸಿದ ಬನ್ನಿನೊಳಗೆ ಸಾಸೇಜ್ ಇಟ್ಟು ಅದರ ಮೇಲೆ ಹಳದಿ ಸಾಸಿವೆ, ಹೆಚ್ಚಿದ ಬಿಳಿ ಈರುಳ್ಳಿ, ಸೌತೆಯ ಸಿಹಿ ಉಪ್ಪಿನಕಾಯಿಯ ಹಸಿರು ತರಿ, ಉಪ್ಪುನೀರಿನ ಸೌತೆಯ ಉದ್ದ ಹೋಳು, ಟೊಮೆಟೊ, ಉಪ್ಪಿನಲ್ಲಿ ಹಾಕಿದ ಪುಟ್ಟ ಮೆಣಸಿನಕಾಯಿ, ಕೊನೆಗೆ ಸೆಲರಿ ಉಪ್ಪು ಹಾಕುತ್ತಾರೆ. ಕೆಚಪ್ ಹಾಕುವುದಿಲ್ಲ, ಅದರ ಸಿಹಿ ಉಳಿದ ಎಲ್ಲ ರುಚಿಯನ್ನೂ ಮುಚ್ಚುತ್ತದೆ ಎಂಬುದು ಅವರ ವಾದ. ನ್ಯೂಯಾರ್ಕಿನಲ್ಲಿ ಕಂದು ಸಾಸಿವೆ, ಹುಳಿ ಬರಿಸಿದ ಎಲೆಕೋಸು, ಟೊಮೆಟೊದಲ್ಲಿ ಬೇಯಿಸಿದ ಈರುಳ್ಳಿ. ಡೆಟ್ರಾಯಿಟ್ ಕಡೆ ಮಾಂಸದ ಗಟ್ಟಿ ಗೊಜ್ಜು, ಸಾಸಿವೆ, ಹಸಿ ಈರುಳ್ಳಿ. ಪಟ್ಟಿಯನ್ನು ನೋಡಿದರೆ ಬಹುತೇಕ ಎಲ್ಲವೂ ಹುಳಿ, ಉಪ್ಪು, ಖಾರದ್ದೇ, ಅಂದರೆ ನಂಚಿಕೊಳ್ಳುವಂಥದ್ದೇ. ಹೆಸರು ಬೇರೆ, ನಮ್ಮ ಜಾಡಿಗಳಲ್ಲಿ ಇರುವುದೂ ಅದೇ.

ಮೊದಲು ಸಾಸೇಜ್ ಸೀಳುವ ವಿಷಯ ಮುಗಿಸೋಣ. ಅಂಗಡಿಯಲ್ಲಿ ಸಿಗುವ ಕೋಳಿ ಸಾಸೇಜ್ ಸಾಮಾನ್ಯವಾಗಿ ಬೆಂದದ್ದೇ ಆಗಿರುತ್ತದೆ; ಪೊಟ್ಟಣದ ಮೇಲೆ ಅದನ್ನು ಓದಿ ಖಚಿತ ಮಾಡಿಕೊಳ್ಳಿ. ಬೆಂದದ್ದಾದರೆ ನಮ್ಮ ಕೆಲಸ ಬಿಸಿ ಮಾಡುವುದಷ್ಟೇ. ಕುದಿಯುವ ನೀರಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಉಬ್ಬುತ್ತದೆ, ಹೊರಗಿನ ಪದರ ಬಿಸಿಗೆ ಕುಗ್ಗುತ್ತದೆ. ಎರಡರ ಜಗಳದಲ್ಲಿ ಸಾಸೇಜ್ ಉದ್ದಕ್ಕೆ ಸೀಳುತ್ತದೆ. ಫ್ರೀಜರಿನಿಂದ ತೆಗೆದು ನೇರ ಹಾಕಿದರಂತೂ ಹೊರಗೆ ಒಡೆದಿರುತ್ತದೆ, ನಡುವೆ ತಣ್ಣಗಿರುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಇಳಿಸಿ. ಮರುದಿನ ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಉರಿ ತೀರಾ ಸಣ್ಣ ಮಾಡಿ. ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ಆಯಿತು ಎಂದರ್ಥ. ಅದರಲ್ಲಿ 6ರಿಂದ 8 ನಿಮಿಷ ಬಿಟ್ಟರೆ ನಡುಮಧ್ಯದವರೆಗೂ ಬಿಸಿಯಾಗುತ್ತದೆ. ತೆಗೆದು ಬಟ್ಟೆಯಲ್ಲಿ ಒರೆಸಿ, ಕಾವಲಿಗೆ ಒಂದು ಚಮಚ ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ 2 ನಿಮಿಷ ಉರುಳಿಸಿ. ಬಣ್ಣ ಮತ್ತು ಪರಿಮಳ ಬರುವುದು ಇಲ್ಲಿ. ಒರೆಸದೆ ಹಾಕಿದರೆ ಎಣ್ಣೆ ಸಿಡಿಯುತ್ತದೆ, ಬಣ್ಣವೂ ಬರುವುದಿಲ್ಲ.

ಫೋರ್ಕಿನಿಂದ ಚುಚ್ಚುವ ಅಭ್ಯಾಸ ಬಿಡಿ. ಬೇಕಾದರೆ ಚೂರಿಯಿಂದ ಒಂದೂವರೆ ಸೆಂಟಿಮೀಟರಿಗೆ ಒಂದರಂತೆ ಓರೆ ಗೀರು ಹಾಕಿ, 2 ಮಿಲಿಮೀಟರಿಗಿಂತ ಆಳ ಬೇಡ. ಗೀರಿನ ಅಂಚು ಗರಿಯಾಗುತ್ತದೆ, ಮೇಲೆ ಹಾಕಿದ್ದು ಜಾರದೆ ಅಲ್ಲಿ ಕೂರುತ್ತದೆ. ಆವಿಗೂ ನೀವೇ ದಾರಿ ಕೊಟ್ಟಂತಾಯಿತು.

ಬನ್ ಉದ್ದದ್ದು ಸಿಗದಿದ್ದರೆ ಕೊರಗಬೇಡಿ. ಪಾವ್ ಸಾಕು, ಸಾಸೇಜನ್ನು ಅಡ್ಡಕ್ಕೆ ಎರಡು ಮಾಡಿ ಒಂದೊಂದು ಪಾವಿಗೆ ಒಂದೊಂದು ತುಂಡು ಇಡಿ. ಚಿಕ್ಕ ಮಕ್ಕಳ ಕೈಗೂ ಅದೇ ಅಳತೆ. ಪಾವನ್ನು ಬದಿಯಿಂದ ಕೊಯ್ಯದೆ ನೆತ್ತಿಯಿಂದ ಸೀಳಿ, ತಳದಲ್ಲಿ ಒಂದು ಬೆರಳಿನಷ್ಟು ದಪ್ಪ ಬಿಡಿ. ಆಗ ಅದು ದೋಣಿಯಂತೆ ನಿಲ್ಲುತ್ತದೆ, ಹಾಕಿದ್ದು ಪಕ್ಕದಿಂದ ಸುರಿಯುವುದಿಲ್ಲ. ಸೀಳಿನ ಎರಡೂ ಒಳಮೈಗೆ ಅರ್ಧ ಚಮಚ ಬೆಣ್ಣೆ ಸವರಿ, ಒಳಮೈ ಕಾವಲಿಗೆ ತಾಗುವಂತೆ ಒಂದು ನಿಮಿಷ ಇಡಿ. ಬೆಣ್ಣೆಯ ಜಿಡ್ಡು ಮತ್ತು ಸುಟ್ಟ ಪದರ ಎರಡೂ ಸೇರಿ ನೀರನ್ನು ತಡೆಯುತ್ತವೆ. ಮುದ್ದೆಯಾಗದಿರಲು ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಪಾವ್ ಹಿಂದಿನ ದಿನದ್ದಾದರೆ ಫ್ರಿಜ್ಜಿನಲ್ಲಿ ಇಡಬೇಡಿ. ಬ್ರೆಡ್ಡು ಬೇಗ ಒರಟಾಗುವುದು ಫ್ರಿಜ್ಜಿನ ತಂಪಿನಲ್ಲೇ. ಕರಾವಳಿಯ ಏಪ್ರಿಲ್ ಸೆಕೆಗೆ ಹೊರಗೆ ಎರಡು ದಿನಕ್ಕೆ ಬೂಷ್ಟು ಬರುತ್ತದೆ. ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿಗೆ ಹಾಕುವುದೇ ಸರಿ.

ಈಗ ಮೇಲೆ ಹಾಕುವುದಕ್ಕೆ ಬರೋಣ. ಹಾಕುವ ಕ್ರಮವೂ ಮುಖ್ಯ. ಅಮೆರಿಕದ ನ್ಯಾಷನಲ್ ಹಾಟ್‌ಡಾಗ್ ಅಂಡ್ ಸಾಸೇಜ್ ಕೌನ್ಸಿಲ್ ಹೇಳುವ ಕ್ರಮ ಒಳ್ಳೆಯದು: ಮೇಲೋಗರವನ್ನು ಬನ್ನಿಗೆ ಅಲ್ಲ, ಸಾಸೇಜಿಗೆ ಹಾಕಬೇಕು, ಮೊದಲು ಒದ್ದೆಯದು, ಆಮೇಲೆ ತರಿಯದು, ನಂತರ ಚೀಸ್, ಕೊನೆಗೆ ಪುಡಿ. ನಮ್ಮಲ್ಲಿ ಪುಡಿಯ ಜಾಗಕ್ಕೆ ಗರಿಯಾದದ್ದು ಬರುತ್ತದೆ.

ಅಪ್ಪೆಮಿಡಿಯನ್ನು ಹಾಗೇ ಇಡೀ ಮಿಡಿಯಾಗಿ ಇಟ್ಟರೆ ಒಂದು ಕಡಿತದಲ್ಲಿ ಉಪ್ಪೇ ಉಪ್ಪು, ಇನ್ನೊಂದರಲ್ಲಿ ಏನೂ ಇಲ್ಲ. ತರಿ ಮಾಡಿಕೊಳ್ಳಿ. ಎಂಟು ಜನಕ್ಕೆ ಉಪ್ಪಿನಕಾಯಿ ಜಾಡಿಯಿಂದ 6 ಮಿಡಿ ಸಾಕು. ಮೇಲಿನ ಮಸಾಲೆ ಹಿಂಡಿಯನ್ನು ಬೆರಳಿನಿಂದ ಬಳಿದು ತೆಗೆಯಿರಿ, ಮಿಡಿಯನ್ನು ಉದ್ದಕ್ಕೆ ಸೀಳಿ ಒಳಗಿನ ಎಳೆ ಗೊರಟು ತೆಗೆದುಹಾಕಿ. ಅದು ಒಗರು, ಉಳಿದೆಲ್ಲ ರುಚಿ ಕೆಡಿಸುತ್ತದೆ. ಸಿಪ್ಪೆ ಮತ್ತು ತಿರುಳನ್ನು ಸಾಸಿವೆ ಕಾಳಿನ ಎರಡರಷ್ಟು ಸಣ್ಣಗೆ ಹೆಚ್ಚಿ. ಇದಕ್ಕೆ ಸಿಹಿ ಮತ್ತು ನೀರಿನಂಶದ ಜೊತೆ ಬೇಕು: ಒಂದು ಬಟ್ಟಲು ಎಳೆ ಸೌತೆ ಅಥವಾ ಮೊಗೆಕಾಯಿಯನ್ನು ಬೀಜ ತೆಗೆದು ಅದೇ ಗಾತ್ರಕ್ಕೆ ಹೆಚ್ಚಿ, ಕಾಲು ಚಮಚ ಉಪ್ಪು ಬೆರೆಸಿ 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಮಿಡಿಯ ತರಿಗೆ ಇದನ್ನು ಸೇರಿಸಿ, ಎರಡು ಚಮಚ ಜೋನಿಬೆಲ್ಲ, ಅರ್ಧ ಚಮಚ ಹುರಿದ ಜೀರಿಗೆ ಪುಡಿ ಹಾಕಿ ಅರ್ಧ ಗಂಟೆ ಬಿಡಿ. ಹಿಂಡದೆ ಹಾಕಿದರೆ ಹತ್ತೇ ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ. ಒಂದು ಹಾಟ್‌ಡಾಗಿಗೆ ಒಂದು ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ: ಸಾಸೇಜಿನಲ್ಲೇ ಉಪ್ಪು ಧಾರಾಳ ಇರುತ್ತದೆ, ಅಪ್ಪೆಮಿಡಿ ಉಪ್ಪಿನಲ್ಲೇ ಹುಟ್ಟಿದ್ದು. ಇದರ ಮೇಲೆ ಚೀಸ್ ಹಾಕಿದರೆ ಮಕ್ಕಳು ರಾತ್ರಿಯಿಡೀ ನೀರು ಕೇಳುತ್ತಾರೆ.

ಅಪ್ಪೆಮಿಡಿಯ ನಿಜವಾದ ಬೆಲೆ ಇರುವುದು ಹುಳಿಯಲ್ಲಿ ಅಲ್ಲ, ಸೊನೆಯ ಪರಿಮಳದಲ್ಲಿ. ಕಾಯಿಸಿದರೆ ಅದು ಹಾರಿಹೋಗುತ್ತದೆ. ಹೀಗಾಗಿ ಈ ತರಿಯನ್ನು ಬಾಣಲೆಗೆ ಹಾಕಬೇಡಿ, ಬಿಸಿ ಸಾಸೇಜಿನ ಮೇಲೆ ತಣ್ಣಗೇ ಹಾಕಿ. ಬಿಸಿ ತಾಗಿದಾಗ ಏಳುವ ವಾಸನೆಯೇ ಸಾಕು.

ಈರುಳ್ಳಿಯ ವಿಷಯದಲ್ಲಿ ನೀವು ಪುಣ್ಯವಂತರು. ಅಳ್ವೆಕೋಡಿ, ಹಂದಿಗೋಣ ಕಡೆ ಬೇಸಿಗೆಯಲ್ಲಿ ಹೆದ್ದಾರಿ ಪಕ್ಕದಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಹಸಿಯಾಗಿ ತಿನ್ನಲು ಹೇಳಿ ಮಾಡಿಸಿದ್ದು, ಘಾಟು ಕಡಿಮೆ. ಅದನ್ನು ಸಣ್ಣಗೆ ಹೆಚ್ಚಿ ಹಾಗೇ ಉದುರಿಸಬಹುದು. ಘಾಟಿನ ಈರುಳ್ಳಿಯಾದರೆ ಹೆಚ್ಚಿದ ಮೇಲೆ 10 ನಿಮಿಷ ತಣ್ಣೀರಿನಲ್ಲಿಟ್ಟು ಬಸಿದು ಬಟ್ಟೆಯ ಮೇಲೆ ಹರಡಿ ಒಣಗಿಸಿ. ಗಂಟೆಗಟ್ಟಲೆ ಮೊದಲೇ ಹೆಚ್ಚಿಡಬೇಡಿ. ಕೊಯ್ದ ಈರುಳ್ಳಿ ಹೊತ್ತು ಹೋದಂತೆ ಕಹಿ ವಾಸನೆ ಬರುತ್ತದೆ.

ಹಸಿ ಈರುಳ್ಳಿ ಬೇಡವೆನ್ನುವ ಮಕ್ಕಳಿಗೆ ನ್ಯೂಯಾರ್ಕಿನ ರೀತಿ ಬೇಯಿಸಿ ಕೊಡಿ. 250 ಗ್ರಾಂ ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ, ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 12 ನಿಮಿಷ ಮುಚ್ಚಿ ಬೇಯಿಸಿ. ಮೆತ್ತಗಾಗಬೇಕು, ಕೆಂಪಾಗಬಾರದು. ಎರಡು ಟೊಮೆಟೊ ರುಬ್ಬಿ ಹಾಕಿ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ವಿನೆಗರ್ ಸೇರಿಸಿ ಮುಚ್ಚಳ ತೆಗೆದು ಇನ್ನೂ 10 ನಿಮಿಷ ಬತ್ತಿಸಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಕೂಡಲೇ ಮುಚ್ಚಿಕೊಳ್ಳಬಾರದು. ಅಷ್ಟು ಬತ್ತಿದರೆ ಅದು ಕಲಸಿಕೊಳ್ಳುವ ಗೊಜ್ಜಿನಿಂದ ನಂಚಿಕೊಳ್ಳುವ ಗೊಜ್ಜಾಯಿತು. ಮಾಮೂಲಿ ಈರುಳ್ಳಿಗೆ ಅರ್ಧ ಚಮಚ ಬೆಲ್ಲ ಬೇಕಾಗುತ್ತದೆ, ಕುಮಟಾದ್ದಕ್ಕೆ ಬೇಡ.

ಅಂಗಡಿಯ ಸಾಸಿವೆ ಸಾಸ್ ಹಿಡಿಸದಿದ್ದರೆ ಮನೆಯಲ್ಲಿ ಮಾಡುವುದು ಸುಲಭ, ಆದರೆ ಮೂರು ದಿನ ಮೊದಲೇ ಶುರು ಮಾಡಬೇಕು. ಸಾಸಿವೆಯ ಖಾರ ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಮೈರೊಸಿನೇಸ್ ಎಂಬ ಕಿಣ್ವ ಕೆಲಸ ಮಾಡಿ ಖಾರ ಹುಟ್ಟುತ್ತದೆ. 10–15 ನಿಮಿಷಕ್ಕೆ ಅದು ತುತ್ತತುದಿಗೆ ಬರುತ್ತದೆ. ಹುಳಿ ಸೇರಿದರೆ ಆ ಕ್ರಿಯೆ ನಿಧಾನವಾಗಿ ಖಾರ ಅಲ್ಲಿಗೇ ನಿಲ್ಲುತ್ತದೆ. ಬಿಸಿನೀರು ಹಾಕಿದರೆ ಕಿಣ್ವವೇ ಸಾಯುತ್ತದೆ. ಮಕ್ಕಳಿಗೆ ಸೌಮ್ಯವಾಗಿ ಬೇಕಾದ್ದರಿಂದ ಮೊದಲಿನಿಂದಲೇ ಹುಳಿಯಲ್ಲಿ ನೆನೆಸಿ: ಹಳದಿ ಸಾಸಿವೆ 3 ದೊಡ್ಡ ಚಮಚ, ವಿನೆಗರ್ 3 ದೊಡ್ಡ ಚಮಚ, ನೀರು 3 ದೊಡ್ಡ ಚಮಚ, ರಾತ್ರಿಯಿಡೀ. ಬೆಳಿಗ್ಗೆ ಅರ್ಧ ಚಮಚ ಉಪ್ಪು, ಕಾಲು ಚಮಚ ಅರಿಶಿನ, ಎರಡು ಚಮಚ ಜೋನಿಬೆಲ್ಲದ ಜೊತೆ ರುಬ್ಬಿ. ಅಂಗಡಿಯದಕ್ಕೂ ಆ ಹಳದಿ ಬಣ್ಣ ಬರುವುದು ಅರಿಶಿನದಿಂದಲೇ. ರುಬ್ಬಿದ ದಿನ ನಾಲಿಗೆಗೆ ಕಹಿ ಹತ್ತುತ್ತದೆ. ಕೆಟ್ಟಿತೆಂದು ಚೆಲ್ಲಬೇಡಿ, ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನಕ್ಕೆ ಕಹಿ ತಗ್ಗುತ್ತದೆ. ಕಪ್ಪು ಸಾಸಿವೆ ಮಾತ್ರ ಇದ್ದರೆ ಅಳತೆ ಅರ್ಧ ಮಾಡಿ; ಅದರ ಖಾರ ಮೂಗಿಗೇ ಏರುತ್ತದೆ.

ಒಣ ಶೆಟ್ಲಿ ಚಟ್ನಿ, ಕೊಂಕಣಿ ಮನೆಗಳಲ್ಲಿ ಕಿಸ್ಮೂರ್ ಎನ್ನುವುದು, ಹಾಟ್‌ಡಾಗಿನ ನೆತ್ತಿಗೆ ಅಷ್ಟು ಚೆನ್ನಾಗಿ ಹೊಂದುವ ಕರಾವಳಿಯ ವಸ್ತು ಇನ್ನೊಂದಿಲ್ಲ. ಗರಿ, ಉಪ್ಪು, ಹೊಗೆಯಂಥ ವಾಸನೆ ಮೂರೂ ಅದರಲ್ಲೇ ಇದೆ. ಸಣ್ಣ ಒಣ ಶೆಟ್ಲಿ 40 ಗ್ರಾಂ ತೆಗೆದುಕೊಂಡು ತಲೆ, ಬಾಲ ಮುರಿದುಹಾಕಿ. ಅಗಲ ಮೊರದಲ್ಲಿ ಗೇರಿ ಮರಳು, ದೂಳು ಉದುರಿಸಿ. ತೊಳೆದರೆ ಮತ್ತೆ ಪೂರ್ತಿ ಒಣಗಿಸಲೇಬೇಕು. ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ 5 ನಿಮಿಷ ಹುರಿಯಿರಿ. ಬೆರಳಲ್ಲಿ ಒತ್ತಿದರೆ ಚಟ್ಟೆಂದು ಮುರಿಯಬೇಕು. ಬಗ್ಗಿದರೆ ಇನ್ನೂ ಆಗಿಲ್ಲ, ಕಂದು ಕಲೆ ಬಿದ್ದರೆ ಹೆಚ್ಚಾಯಿತು, ಕಹಿಯಾಗುತ್ತದೆ. ಆರಿದ ಮೇಲೆ ಕೈಯಲ್ಲೇ ತರಿಯಾಗಿ ಪುಡಿ ಮಾಡಿ. ಒಂದು ಬಟ್ಟಲು ತೆಂಗಿನ ತುರಿಯನ್ನು ಬೇರೆಯಾಗಿ ತೇವ ಆರುವಷ್ಟು ಬೆಚ್ಚಗೆ ಹುರಿದು, 3 ಸುಟ್ಟ ಬ್ಯಾಡಗಿ ಮೆಣಸು, ಕಡಲೆಕಾಳಿನಷ್ಟು ಹುಣಸೆ ಸೇರಿಸಿ ನೀರಿಲ್ಲದೆ ತಿರುವಿ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ, ಬಡಿಸುವ ಕ್ಷಣಕ್ಕೆ ಬೆರೆಸಿ. ಮೊದಲೇ ಬೆರೆಸಿದರೆ ಕಾಯಿಯ ತೇವಕ್ಕೆ ಶೆಟ್ಲಿ ಚರ್ಮದಂತಾಗುತ್ತದೆ. ಉಪ್ಪು ರುಚಿ ನೋಡಿಯೇ ಹಾಕಿ, ಹಲವು ಸಲ ಬೇಕಾಗುವುದೇ ಇಲ್ಲ. ಹೊರಗಿನಿಂದ ಬಂದ ಮಕ್ಕಳಲ್ಲಿ ಯಾರಿಗಾದರೂ ಶೆಟ್ಲಿ ಆಗಿಬರುವುದಿಲ್ಲವೇ ಎಂದು ಅವರ ತಂದೆತಾಯಿಯನ್ನು ಕೇಳಿಯೇ ಬಡಿಸಿ. ಶೆಟ್ಲಿಯ ಅಲರ್ಜಿ ಕೆಲವರಿಗೆ ಜೀವಕ್ಕೇ ಬರುವಂಥದ್ದು.

ದೊಡ್ಡವರಿಗೆ ಸೂಜಿಮೆಣಸನ್ನು ವಿನೆಗರ್ ಮತ್ತು ಉಪ್ಪಿನಲ್ಲಿ ಮೂರು ದಿನ ಇಟ್ಟರೆ ಷಿಕಾಗೋದ ಪುಟ್ಟ ಮೆಣಸಿನಕಾಯಿಯ ಕೆಲಸ ಮಾಡುತ್ತದೆ. ಒಬ್ಬರಿಗೆ ಒಂದೇ ಸಾಕು, ಮಕ್ಕಳ ತಟ್ಟೆಯಿಂದ ದೂರ ಇಡಿ.

ಹುಳಿ ಎಲೆಕೋಸಿನ ಆಸೆ ಇದ್ದರೆ ನಮ್ಮ ಹವೆಗೆ ತಕ್ಕಂತೆ ಮಾಡಿ. 500 ಗ್ರಾಂ ಕೋಸನ್ನು ನೂಲಿನಂತೆ ಹೆಚ್ಚಿ, 12 ಗ್ರಾಂ ಉಪ್ಪು ಹಾಕಿ ನೀರು ಬಿಡುವವರೆಗೆ ಕೈಯಲ್ಲಿ ಹಿಸುಕಿ, ಗಾಜಿನ ಜಾಡಿಗೆ ಒತ್ತಿ ತುಂಬಿ. ಸಾಣಿಕಟ್ಟಾದ ಹರಳುಪ್ಪಾದರೆ ಚಮಚದಲ್ಲಿ ಅಳೆಯಬೇಡಿ, ಹರಳುಗಳ ನಡುವೆ ಖಾಲಿ ಜಾಗ ಇರುವುದರಿಂದ ಉಪ್ಪು ಕಡಿಮೆ ಬೀಳುತ್ತದೆ, ತೂಗಿಯೇ ಹಾಕಿ. ಕೋಸು ಸದಾ ತನ್ನ ನೀರಿನಡಿ ಮುಳುಗಿರಬೇಕು. ತಂಪು ದೇಶಗಳಲ್ಲಿ ಇದಕ್ಕೆ ಮೂರು-ನಾಲ್ಕು ವಾರ ಬೇಕು. ಇಲ್ಲಿ ಬೇಸಿಗೆಯಲ್ಲಿ ಮೂರು-ನಾಲ್ಕು ದಿನಕ್ಕೇ ಹುಳಿ ಬರುತ್ತದೆ, ಇನ್ನೂ ಹೊರಗೆ ಬಿಟ್ಟರೆ ಲೋಳೆಯಾಗುತ್ತದೆ. ಹುಳಿ ಬಂದ ಕೂಡಲೇ ಫ್ರಿಜ್ಜಿಗೆ ಹಾಕಿ. ಮೇಲೆ ಬಿಳಿ ತೆಳು ಕೆನೆ ಕಟ್ಟಿದರೆ ತೆಗೆದು ಬಳಸಬಹುದು; ಹಸಿರು, ಕಪ್ಪು, ಗುಲಾಬಿ ಬಣ್ಣದ ತುಪ್ಪಟ ಕಂಡರೆ ಪೂರ್ತಿ ಚೆಲ್ಲಿ.

ಹಲಸಿನ ಹಪ್ಪಳ ಕೂಡ ಮೇಲೆ ಹಾಕಬಹುದು, ಕೈಯಲ್ಲಿ ಪುಡಿ ಮಾಡಿ, ಎಲ್ಲಕ್ಕಿಂತ ಕೊನೆಗೆ. ತಿನ್ನುವವರ ಕೈಗೇ ಹಪ್ಪಳ ಕೊಟ್ಟುಬಿಡಿ, ಅವರೇ ಪುಡಿ ಮಾಡಿಕೊಳ್ಳಲಿ. ಮಕ್ಕಳಿಗೆ ಅದೂ ಒಂದು ಆಟ. ಕೆಚಪ್ ಬೇಕೆಂದರೆ ಕೊಡಿ, ಷಿಕಾಗೋದವರ ನಿಯಮ ಕುಮಟಾದ ಮನೆಗೆ ಲಾಗೂ ಆಗಬೇಕಿಲ್ಲ. ಆದರೆ ಕೆಚಪ್ ಮತ್ತು ಅಪ್ಪೆಮಿಡಿ ಒಟ್ಟಿಗೆ ಬೇಡ. ಎರಡು ಬಗೆಯ ಹುಳಿ-ಸಿಹಿ ಸೇರಿ ಎರಡೂ ಕಳೆದುಹೋಗುತ್ತವೆ. ಸಾಸಿವೆ ಸಾಸ್ ಬಿಟ್ಟು ಒಂದು ಹಾಟ್‌ಡಾಗಿಗೆ ಮೂರು ಬಗೆ ಸಾಕು: ಒಂದು ಹುಳಿ, ಒಂದು ಹಸಿ, ಒಂದು ಗರಿ. ಮನೆಸಾಸಿವೆ, ಅಪ್ಪೆಮಿಡಿ ತರಿ, ಹಸಿ ಈರುಳ್ಳಿ, ಮೇಲೆ ಚಿಟಿಕೆ ಹಪ್ಪಳದ ಪುಡಿ ಒಂದು ಒಳ್ಳೆಯ ಜೋಡಣೆ. ಬೆಂದ ಈರುಳ್ಳಿ ಮತ್ತು ಕಿಸ್ಮೂರ್ ಇನ್ನೊಂದು. ಇವೆರಡರಲ್ಲಿ ಆರಿಸಬೇಕಾದರೆ ಎರಡನೆಯದಕ್ಕೇ ನನ್ನ ಒಲವು.

ಸಸ್ಯಾಹಾರಿ ಮಕ್ಕಳಿಗೆ ಈ ತಿಂಗಳಲ್ಲಿ ಎಳೆ ಹಲಸಿನಕಾಯಿಗಿಂತ ಒಳ್ಳೆಯದು ಬೇರೆ ಇಲ್ಲ. ಅದರ ಎಳೆಗೆ ಅಗಿಯುವ ಗುಣವಿದೆ, ಆಲೂಗಡ್ಡೆ ಮಾತ್ರ ಹಾಕಿದರೆ ಬನ್ನಿನೊಳಗೆ ಮೆತ್ತಗೆ ಕುಸಿಯುತ್ತದೆ. ಕೈಗೆ, ಚೂರಿಗೆ ಎಣ್ಣೆ ಹಚ್ಚಿಕೊಂಡು ಮೇಣ ತೆಗೆದು, ಉಪ್ಪು ಹಾಕಿ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ ಜಜ್ಜಿದ ಮೇಲೆ 250 ಗ್ರಾಂ ಇರಲಿ. ಬೆಂದ ಆಲೂಗಡ್ಡೆ 150 ಗ್ರಾಂ, ಹುರಿಗಡಲೆ ಹಿಟ್ಟು 4 ದೊಡ್ಡ ಚಮಚ, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಜೀರಿಗೆ, ಸಣ್ಣಗೆ ಹೆಚ್ಚಿದ ಶುಂಠಿ ಸೇರಿಸಿ ನಾದಿ. ಆರು ಪಾಲು ಮಾಡಿ ಬೆರಳುದ್ದದ ಕೊಳವೆಯಂತೆ ಉರುಟಿ, ಬಾಡಿಸಿದ ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ, ಇಡ್ಲಿ ಪಾತ್ರೆಯಲ್ಲಿ 12 ನಿಮಿಷ ಹಬೆಯಲ್ಲಿ ಬೇಯಿಸಿ. ಮುಖ್ಯವಾದದ್ದು ಇದರ ನಂತರದ ಹಂತ: ಎಲೆ ಬಿಚ್ಚದೆ ಆರಿಸಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ, ಆಮೇಲೆ ಎಲೆ ಬಿಚ್ಚಿ ಎಣ್ಣೆ ಸವರಿದ ಕಾವಲಿಯಲ್ಲಿ ಉರುಳಿಸಿ. ತಣ್ಣಗಾದಾಗ ಆಲೂಗಡ್ಡೆಯ ಪಿಷ್ಟ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಬಿಸಿಯಲ್ಲೇ ಕಾವಲಿಗೆ ಹಾಕಿದವರದು ಪುಡಿಪುಡಿಯಾಗುತ್ತದೆ, ಆಮೇಲೆ ಹಿಟ್ಟು ಹೆಚ್ಚಿಸಿ ಹೆಚ್ಚಿಸಿ ಕಲ್ಲು ಮಾಡುತ್ತಾರೆ. ಅವರ ಕಾವಲಿ, ಸೌಟು ಬೇರೆ ಇಡಿ, ಅವರಿಗೆ ಬಡಿಸುವುದನ್ನು ಮೊದಲು ಮುಗಿಸಿ. ಅವರ ಮನೆಯಲ್ಲಿ ಈರುಳ್ಳಿ ಬಳಸುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ.

ನಿಮ್ಮ 3 ವರ್ಷದವನ ಬಗ್ಗೆ ಒಂದು ಮಾತು, ಇದನ್ನು ಮನೆಯವರಿಗೆಲ್ಲ ಹೇಳಿಬಿಡಿ. ಸಾಸೇಜಿನ ದುಂಡನೆಯ ತುಂಡು ಚಿಕ್ಕ ಮಕ್ಕಳ ಉಸಿರುನಾಳದ ಅಳತೆಗೆ ಸರಿಯಾಗಿ ಕೂತು ಉಸಿರು ಕಟ್ಟಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಇದನ್ನು ಸ್ಪಷ್ಟವಾಗಿ ಎಚ್ಚರಿಸಿದೆ. ಬಿಲ್ಲೆಯಾಗಿ ಕತ್ತರಿಸಿದರೆ ಅಪಾಯ ಇನ್ನೂ ಹೆಚ್ಚು. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಆಮೇಲೆ ಅಡ್ಡಕ್ಕೆ ಸಣ್ಣ ಚೂರು ಮಾಡಿ ತಟ್ಟೆಯಲ್ಲಿ ಕೊಡಿ. ಕೂತು ತಿನ್ನಲಿ, ಓಡಾಡುತ್ತ ಬೇಡ. ಇನ್ನು ಸೆಕೆಗೆ ಸಂಬಂಧಿಸಿದ್ದು: ಬಿಸಿ ಮಾಡಿದ ಸಾಸೇಜ್ ಸಾಮಾನ್ಯವಾಗಿ ಎರಡು ಗಂಟೆ ಹೊರಗಿರಬಹುದು, ಹೊರಗಿನ ಶಾಖ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮಧ್ಯಾಹ್ನ ಕರೆಂಟು ಹೋಗಿ ಫ್ರಿಜ್ಜು ನಾಲ್ಕು ತಾಸಿಗಿಂತ ಹೆಚ್ಚು ನಿಂತಿದ್ದರೆ ಅದರಲ್ಲಿದ್ದ ಸಾಸೇಜನ್ನು ಮಕ್ಕಳಿಗೆ ಕೊಡಬೇಡಿ.

ತೆಳ್ಳೇವು ಏಳದಿರುವುದಕ್ಕೆ ಮುಕ್ಕಾಲು ಪಾಲು ಕಾರಣ ಹಿಟ್ಟಲ್ಲ, ಕಾವಲಿ. ಚಪಾತಿ ಮಾಡಿದ ಕಬ್ಬಿಣದ ಕಾವಲಿಯ ಮೇಲೆ ಸುಟ್ಟ ಹಿಟ್ಟಿನ ಪದರ ಇರುತ್ತದೆ, ಸೋಪು ಹಾಕಿ ತಿಕ್ಕಿದ್ದರೆ ಎಣ್ಣೆಯ ಪದರ ಹೋಗಿರುತ್ತದೆ. ತೆಳ್ಳೇವಿಗೆಂದೇ ಒಂದು ಕಾವಲಿ ಬೇರೆ ಇಡಿ. ಹಿಂದಿನ ರಾತ್ರಿ ಕಾವಲಿಯನ್ನು ಹೊಗೆ ಬರುವಷ್ಟು ಕಾಯಿಸಿ, ತೆಳ್ಳಗೆ ಎಣ್ಣೆ ಸವರಿ, ಆರಿಸಿ, ಮತ್ತೆ ಕಾಯಿಸಿ ಸವರಿ. ಹೀಗೆ ಮೂರು ಸಲ. ಬೆಳಿಗ್ಗೆ ಎರೆಯುವಾಗ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಪ್ರತಿ ತೆಳ್ಳೇವಿಗೂ ಮೊದಲು ಉಜ್ಜಿ. ಈರುಳ್ಳಿ ಬಳಸದ ಮನೆಯಲ್ಲಿ ಬಾಳೆಲೆಯ ದಂಟಿನ ತುಂಡಿನಿಂದ ಉಜ್ಜಬಹುದು. ಎಣ್ಣೆ ಮಿರಿಮಿರಿ ಹೊಳೆಯಬಾರದು. ಹೆಚ್ಚಾದರೆ ಹಿಟ್ಟು ಹಿಡಿಯದೆ ಸೌಟಿನ ಜೊತೆಗೇ ಸುತ್ತಿಕೊಂಡು ಬರುತ್ತದೆ.

ಹಿಟ್ಟಿಗೆ ದೋಸೆ ಅಕ್ಕಿ 2 ಬಟ್ಟಲು, 5 ತಾಸು ನೆನೆಯಲಿ. ಎಳೆ ಸೌತೆ ಅಥವಾ ಮೊಗೆಕಾಯಿಯ ತುರಿ ಒಂದೂವರೆ ಬಟ್ಟಲು ಸೇರಿಸಿ ರುಬ್ಬಿ. ಮೊದಲು ನೀರು ಹಾಕಬೇಡಿ, ಕಾಯಿ ತನ್ನ ನೀರನ್ನೇ ಬಿಡುತ್ತದೆ. ಆಮೇಲೆ ಸ್ವಲ್ಪಸ್ವಲ್ಪವೇ ನೀರು ಸೇರಿಸಿ, ಎರಡು ಬೆರಳ ನಡುವೆ ತಿಕ್ಕಿದರೆ ತರಿ ಸಿಗದಷ್ಟು ನುಣ್ಣಗೆ ಮಾಡಿ. ತರಿ ಉಳಿದರೆ ತೆಳ್ಳೇವು ಅಲ್ಲಲ್ಲಿ ಹರಿಯುತ್ತದೆ. ಕೊನೆಗೆ ಉಪ್ಪು ಹಾಕಿ ದಪ್ಪ ಮಜ್ಜಿಗೆಯ ಹದಕ್ಕೆ ತನ್ನಿ. ಹುದುಗು ಬರಿಸುವುದು ಬೇಡ, ರುಬ್ಬಿದ ಕೂಡಲೇ ಎರೆಯಬಹುದು. ಅಕ್ಕಿ ತಳಕ್ಕೆ ಕೂರುತ್ತದೆ, ಪ್ರತಿ ಸಲವೂ ತಳದಿಂದ ಕದಡಿ ಸೌಟು ತುಂಬಿ. ಕದಡದೆ ಎರೆದರೆ ಮೊದಲಿನವು ನೀರಾಗಿ ಹರಿಯುತ್ತವೆ, ಕೊನೆಯವು ರೊಟ್ಟಿಯಾಗುತ್ತವೆ.

ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ಸಣ್ಣ ಮಣಿಯಾಗಿ ಓಡಬೇಕು. ಸುಮ್ಮನೆ ಕೂತು ಸುಂಯ್‌ಗುಟ್ಟಿದರೆ ಇನ್ನೂ ಕಾಯಬೇಕು. ತಣ್ಣನೆ ಕಾವಲಿಗೆ ಬಿದ್ದ ಹಿಟ್ಟು ಲೋಹಕ್ಕೆ ಅಂಟಿಕೊಂಡೇ ಬೇಯುತ್ತದೆ. ಹಿಟ್ಟು ಎರೆದ ಕೂಡಲೇ ಸೌಟಿನ ಬೆನ್ನಿನಿಂದ ಒಂದೇ ಸುತ್ತಿನಲ್ಲಿ ಹರಡಿ, ಮತ್ತೆ ಕೈ ಹಾಕಬೇಡಿ. ಮುಚ್ಚಿ ಒಂದು ನಿಮಿಷ. ಅಂಚು ತಾನೇ ಕಾವಲಿ ಬಿಟ್ಟು ಮೇಲೇಳುವವರೆಗೆ ಕಾಯಿರಿ. ಏಳದಿದ್ದಾಗ ಸಟ್ಟುಗ ತೂರಿಸುವುದರಿಂದಲೇ ಹರಿಯುವುದು. ಮೊದಲ ಎರಡು ತೆಳ್ಳೇವು ಕಾವಲಿಗೆ ಎಂದು ಬಿಟ್ಟುಬಿಡಿ, ಮೂರನೆಯದರಿಂದ ಏಳತೊಡಗುತ್ತದೆ. ಹೊಸ ಅಕ್ಕಿಯಾದರೆ ಅಂಟು ಹೆಚ್ಚು. ಅದಕ್ಕೆ ಒಂದು ದೊಡ್ಡ ಚಮಚ ಚಿರೋಟಿ ರವೆ ಕದಡಿ 10 ನಿಮಿಷ ಬಿಡಿ.

ಜೋನಿಬೆಲ್ಲವನ್ನು ತೆಳ್ಳೇವಿನ ಮೇಲೆ ಸುರಿಯಬೇಡಿ, ಬದಿಗೆ ಬಡಿಸಿ, ಅದರ ನಡುವೆ ಗುಳಿ ಮಾಡಿ ತುಪ್ಪ ಹಾಕಿ. ಮೇಲೆ ಸುರಿದರೆ ತೆಳ್ಳೇವು ಕ್ಷಣದಲ್ಲಿ ನೆನೆದು ಹರಿಯುತ್ತದೆ, ಬನ್ನಿಗೆ ಕಾಯಿಚಟ್ನಿ ಮಾಡಿದ್ದೇ ಇಲ್ಲೂ ಆಗುತ್ತದೆ. ಆಲೆಮನೆಯಿಂದ ತಂದ ಡಬ್ಬಿಯ ತಳದಲ್ಲಿ ಹರಳು ಕಟ್ಟಿದ್ದರೆ ಅದು ಕೆಟ್ಟದ್ದಲ್ಲ, ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ನೊರೆ ಎದ್ದು ಹೆಂಡದ ಹುಳಿವಾಸನೆ ಬಂದರೆ ಹುದುಗಿದೆ ಎಂದರ್ಥ. ಒದ್ದೆ ಚಮಚ ಹಾಕಿದ್ದೇ ಹೆಚ್ಚಿನ ಸಲ ಕಾರಣ. ಜೋನಿಬೆಲ್ಲ ಮುಗಿದಿದ್ದರೆ 200 ಗ್ರಾಂ ಉಂಡೆಬೆಲ್ಲಕ್ಕೆ 80 ಮಿಲಿಲೀಟರ್ ನೀರು ಹಾಕಿ ಕರಗಿಸಿ, ಸೋಸಿ, ಐದಾರು ಹನಿ ಲಿಂಬೆರಸ ಹಿಂಡಿ 3 ನಿಮಿಷ ಕುದಿಸಿ ಇಳಿಸಿ. ಲಿಂಬೆಯ ಹುಳಿ ಹರಳು ಕಟ್ಟದಂತೆ ತಡೆಯುತ್ತದೆ. ಎಳೆಪಾಕಕ್ಕೆ ಹೋಗಬಾರದು, ಆರಿದ ಮೇಲೆ ಗಟ್ಟಿಯಾಗುತ್ತದೆ.

ಹಾಟ್‌ಡಾಗ್ ಮಾಡಿದ ಸಂಜೆ ತರಿ, ಕಿಸ್ಮೂರ್, ಬೆಂದ ಈರುಳ್ಳಿ ಸ್ವಲ್ಪಸ್ವಲ್ಪ ಉಳಿದೇ ಉಳಿಯುತ್ತದೆ. ರಾತ್ರಿ ಒಂದು ಬಟ್ಟಲು ಕುಚ್ಚಲಕ್ಕಿ ತೊಳೆದು ನೆನೆಹಾಕಿ. ಬೆಳಿಗ್ಗೆ 8 ಬಟ್ಟಲು ನೀರಿನಲ್ಲಿ, ತೆರೆದ ಪಾತ್ರೆಯಲ್ಲಿ, ಅಗುಳು ಬಾಯಿ ಬಿಡುವವರೆಗೆ ಮುಕ್ಕಾಲು ತಾಸು ಬೇಯಿಸಿ, ಉಪ್ಪು ಇಳಿಸುವಾಗ ಹಾಕಿ. ಗಂಜಿಯ ತಟ್ಟೆಯ ಅಂಚಿಗೆ ಅದೇ ಅಪ್ಪೆಮಿಡಿ ತರಿ, ಅದೇ ಕಿಸ್ಮೂರ್ ಇಡಿ. ಹಿಂದಿನ ಸಂಜೆ ಬನ್ನಿನ ಮೇಲೆ ತಿಂದ ರುಚಿಯನ್ನು ಮಕ್ಕಳು ಗಂಜಿಯಲ್ಲಿ ತಾವೇ ಗುರುತು ಹಿಡಿಯುತ್ತಾರೆ, ಗಂಜಿ ಬೇಡ ಎನ್ನುವವರನ್ನು ಹೆಚ್ಚು ಒತ್ತಾಯ ಮಾಡಬೇಕಾಗುವುದಿಲ್ಲ. ಹಪ್ಪಳವನ್ನು ಮಾತ್ರ ಹೊಸದಾಗಿ ಸುಡಿ, ಹಿಂದಿನ ದಿನದ್ದು ಮೆತ್ತಗಾಗಿರುತ್ತದೆ.